ಕೆಳದಿ ಸೀಮೆಯ ಬೇಸಿಗೆ ಪಾನೀಯಗಳು

ಶಿವಮೊಗ್ಗ ಜಿಲ್ಲೆಯ ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳಲ್ಲಿ ಶಿವರಾತ್ರಿ ಕಳೆದ ಮೇಲೆ ಮುಂಗಾರಿನ ಮೊದಲ ಮಳೆಯವರೆಗೆ ಮನೆಮನೆಯಲ್ಲಿ ಮಾಡಿ ಕುಡಿಯುವ ತಂಪು ಪಾನೀಯಗಳು. ಮುರುಗಲು ಪಾನಕ, ಅಪ್ಪೆಹುಳಿ, ಕಬ್ಬಿನ ಹಾಲು, ನೀರು ಮಜ್ಜಿಗೆ, ತಂಬುಳಿ, ಎಳ್ಳು ಮತ್ತು ಹೆಸರುಕಾಳಿನ ಪಾನಕ, ಬೇರು ಮತ್ತು ಹೂವಿನ ಶರಬತ್ತು, ಬಗನಿ ಕಳ್ಳು ಇವುಗಳಲ್ಲಿ ಮುಖ್ಯವಾದವು. ಬಹುಪಾಲಿಗೆ ಒಲೆ ಬೇಡ, ಬೇಕಾದರೂ ಒಂದು ಗಳಿಗೆ ಮಾತ್ರ. ಹುಳಿ, ಸಿಹಿ, ಉಪ್ಪು, ಖಾರಗಳನ್ನು ತಣ್ಣೀರಿನಲ್ಲಿ ಹದವರಿತು ಬೆರೆಸುವುದೇ ಇಲ್ಲಿನ ವಿದ್ಯೆ. ಪೇಟೆಯವರು ಕಾಕ್‌ಟೇಲ್ ಎನ್ನುವ ಮಿಶ್ರಣ ನಿಂತಿರುವುದೂ ಇದೇ ಲೆಕ್ಕದ ಮೇಲೆ, ಅಲ್ಲಿ ಮದ್ಯ ಒಂದು ಹೆಚ್ಚು. ಈ ಸೀಮೆಯ ಪಾನೀಯಗಳಲ್ಲಿ ಹುಳಿಗೇ ಯಜಮಾನಿಕೆ. ಆ ಹುಳಿ ಅಂಗಡಿಯ ನಿಂಬೆಯಿಂದ ಬಂದುದಲ್ಲ. ಅಡಿಕೆ ತೋಟದ ನೆತ್ತಿಯ ಮೇಲಿನ ಬೆಟ್ಟದಿಂದ, ಹೊಳೆಯ ಅಂಚಿನ ಮರದಿಂದ ಬಂದದ್ದು. ಹಾಗಾಗಿ ಈ ಪಾನೀಯಗಳ ಕಥೆಯನ್ನು ಆ ಮರಗಳ ಕಥೆಯಿಂದ ಬಿಡಿಸಿ ಹೇಳಲಾಗುವುದಿಲ್ಲ.

ನೆಲ, ಹವೆ, ಉಪಚಾರ

ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್‌ಗೂ ಹೆಚ್ಚು ಮಳೆ ಬೀಳುತ್ತದೆ; ಹೊಸನಗರ ತಾಲ್ಲೂಕಿನ ಹುಲಿಕಲ್ ಅದಕ್ಕೆ ಸರಿಸಾಟಿ. ಹೀಗಿದ್ದೂ ಮಳೆಯೆಲ್ಲ ನಾಲ್ಕು ತಿಂಗಳಲ್ಲೇ ಸುರಿದುಹೋಗುವುದರಿಂದ ಏಪ್ರಿಲ್ ಹೊತ್ತಿಗೆ ಹಳ್ಳಗಳು ಸೊರಗುತ್ತವೆ, ಬಾವಿಯ ನೀರು ತಳ ಹಿಡಿಯುತ್ತದೆ, ಗುಡ್ಡದಿಂದ ಮನೆಯಂಗಳಕ್ಕೆ ಹರಿದು ಬರುವ ಅಬ್ಬಿ ನೀರು ಬೆರಳಷ್ಟಾಗುತ್ತದೆ. ಬಯಲುಸೀಮೆಯ ಒಣ ಬಿಸಿಲಿಗೂ ಇಲ್ಲಿನ ಸೆಕೆಗೂ ವ್ಯತ್ಯಾಸವಿದೆ. ಇಲ್ಲಿ ಬೆವರು ಆರುವುದಿಲ್ಲ. ಮೈಯಿಂದ ನೀರಿನ ಜೊತೆ ಉಪ್ಪೂ ಹೋಗುತ್ತದೆ. ಸಿಹಿ ಪಾನಕಕ್ಕೂ ಒಂದು ಚಿಟಿಕೆ ಉಪ್ಪು ಹಾಕದೆ ಬಿಡದ ಇಲ್ಲಿನ ಹೆಂಗಸರ ರೂಢಿಗೆ ಇದೇ ಕಾರಣವಿದ್ದೀತು. ಬಳಲಿದವರಿಗೆ ವೈದ್ಯರು ಕೊಡುವ ಉಪ್ಪು-ಸಕ್ಕರೆ ನೀರಿನಲ್ಲೂ ಇರುವುದು ಇದೇ ಜೋಡಿ.

ಬಿಸಿಲಲ್ಲಿ ಬಂದವರಿಗೆ ಮೊದಲು ಒಂದು ತಂಬಿಗೆ ನೀರು, ಒಂದು ತುಂಡು ಬೆಲ್ಲ. ಅವರು ಜಗಲಿಯಲ್ಲಿ ಕುಳಿತು ಎರಡು ಮಾತಾಡುವಷ್ಟರಲ್ಲಿ 'ಆಸರಿಗೆ ಏನು ಕುಡೀತೀರಿ' ಎಂಬ ಪ್ರಶ್ನೆ ಒಳಗಿನಿಂದ ಬರುತ್ತದೆ. ಹಿಂದೆ ಅದಕ್ಕೆ ಉತ್ತರ ಪಾನಕವೋ ಮಜ್ಜಿಗೆಯೋ ಆಗಿರುತ್ತಿತ್ತು. ಕಾಫಿ, ಚಹಾ ಬಂದ ಮೇಲೆ ಅವು ಮಟಮಟ ಮಧ್ಯಾಹ್ನಕ್ಕೂ ಕಾಲಿಟ್ಟವು. ಆದರೂ ಸೆಕೆ ಏರಿದ ದಿನ ಬಿಸಿ ಲೋಟ ಮುಂದಿಟ್ಟರೆ ಕೊಟ್ಟವರಿಗೇ ಮನಸ್ಸಿಗೆ ಸಮಾಧಾನವಾಗುವುದಿಲ್ಲ.

ಗ್ರಂಥಗಳಲ್ಲಿ ಪಾನೀಯ

ಕನ್ನಡ ನಾಡಿನ ಅರಸರು ಪಾನೀಯವನ್ನು ಹಗುರವಾಗಿ ಕಂಡವರಲ್ಲ. ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರ 1129ರ ಹೊತ್ತಿಗೆ ರಚಿಸಿದ ಸಂಸ್ಕೃತದ 'ಮಾನಸೋಲ್ಲಾಸ'ದಲ್ಲಿ ಅನ್ನಭೋಗದ ಜೊತೆಗೆ ಪಾನೀಯಭೋಗಕ್ಕೂ ಸ್ಥಾನವಿದೆ. ಹದಿನಾರನೆಯ ಶತಮಾನದ ಮೂರನೆಯ ಮಂಗರಸ ಕನ್ನಡದಲ್ಲಿ ಬರೆದ 'ಸೂಪಶಾಸ್ತ್ರ'ದಲ್ಲಿ ಪಾನಕಗಳಿಗೆ ಬೇರೆಯೇ ಅಧ್ಯಾಯವಿದೆ. ಕೆಳದಿಯ ಅರಸುಮನೆತನವೂ ಈ ಸಾಲಿಗೆ ಸೇರುತ್ತದೆ. ಸಾಗರದ ಸಮೀಪದ ಕೆಳದಿಯಲ್ಲಿ ಹುಟ್ಟಿ, ಇಕ್ಕೇರಿಗೂ ಆಮೇಲೆ ಇಂದಿನ ಹೊಸನಗರ ತಾಲ್ಲೂಕಿನ ಬಿದನೂರಿಗೂ ರಾಜಧಾನಿ ಬದಲಿಸುತ್ತ 1763ರಲ್ಲಿ ಹೈದರಲಿಯ ಕೈಗೆ ಹೋಗುವವರೆಗೆ ಈ ನಾಯಕರು ಮಲೆನಾಡನ್ನೂ ಕರಾವಳಿಯನ್ನೂ ಆಳಿದರು. ಆ ವಂಶದ ಬಸವರಾಜ 1709ರಲ್ಲಿ ಮುಗಿಸಿದ 'ಶಿವತತ್ತ್ವರತ್ನಾಕರ' ಸಂಸ್ಕೃತದ ದೊಡ್ಡ ವಿಶ್ವಕೋಶ. ರಾಜನೀತಿ, ಶಿಲ್ಪ, ಸಂಗೀತ, ವೈದ್ಯದ ಜೊತೆ ಪಾಕಶಾಸ್ತ್ರಕ್ಕೂ ಅದರಲ್ಲಿ ಜಾಗ ಸಿಕ್ಕಿದೆ. ಅಡುಗೆಯನ್ನು ವಿದ್ಯೆಗಳ ಸಾಲಿನಲ್ಲಿ ಕೂರಿಸಿದ ಅರಸನ ಸೀಮೆ ಇದು ಎಂಬುದನ್ನು ಇಲ್ಲಿ ನೆನೆಯಲೇಬೇಕು.

ಈ ನಾಯಕರ ಆಳ್ವಿಕೆಯ ಕಾಲದಲ್ಲೇ ಕೆಳದಿಯ ಮೆಣಸನ್ನು ಅರಸಿ ಹೊನ್ನಾವರ, ಭಟ್ಕಳದ ರೇವುಗಳಿಗೆ ಪರಂಗಿಯವರು ಬರುತ್ತಿದ್ದರು. ಭಾರತದಲ್ಲಿದ್ದ ಇಂಗ್ಲಿಷ್ ವರ್ತಕರು ಸಾರಾಯಿ, ನಿಂಬೆರಸ, ಸಕ್ಕರೆ, ನೀರು, ಮಸಾಲೆ ಬೆರೆಸಿ ಕುಡಿಯಲು ಕಲಿತ 'ಪಂಚ್' 1632ರ ಅವರ ಪತ್ರವೊಂದರಲ್ಲಿ ಮೊದಲ ಬಾರಿಗೆ ಕಾಣಿಸುತ್ತದೆ. ಯುರೋಪಿನ ಮಿಶ್ರ ಮದ್ಯಗಳಿಗೆ ಹಿರಿಯಣ್ಣನಾದ ಈ ಪಂಚ್‌ನಿಂದ ಸಾರಾಯಿ ತೆಗೆದರೆ ಉಳಿಯುವುದು ನಮ್ಮ ಪಾನಕವೇ.

ಮುರುಗಲು

ಈ ಸೀಮೆಯ ಬೇಸಿಗೆ ಪಾನೀಯಗಳಲ್ಲಿ ಪಟ್ಟದ ಸ್ಥಾನ ಇದಕ್ಕೆ. ದಕ್ಷಿಣ ಕನ್ನಡದಲ್ಲಿ ಪುನರ್ಪುಳಿ, ಪೇಟೆಯಲ್ಲಿ ಕೋಕಂ ಎನ್ನುವುದು ಇದನ್ನೇ. ಸಸ್ಯಶಾಸ್ತ್ರೀಯ ಹೆಸರು ಗಾರ್ಸೀನಿಯಾ ಇಂಡಿಕಾ. ಪಶ್ಚಿಮಘಟ್ಟದ ಈ ಮರ ಜೋಲುಬಿದ್ದ ಕೊಂಬೆಗಳಿಂದ ದೂರಕ್ಕೇ ಗುರುತಾಗುತ್ತದೆ. ಏಪ್ರಿಲ್ ಕೊನೆಯಿಂದ ಹಣ್ಣು ಕೆಂಪೇರಿ, ಮೇ ತಿಂಗಳಲ್ಲಿ ಕಡುನೇರಳೆಗೆ ತಿರುಗುತ್ತದೆ. ಮಳೆ ಹಿಡಿಯಿತೆಂದರೆ ಉದುರಿ ಕೊಳೆತುಹೋಗುತ್ತದೆ. ಸಿಗುವ ಕಾಲ ಅಷ್ಟು ಚಿಕ್ಕದಾದ್ದರಿಂದಲೇ ಅದನ್ನು ಹಿಡಿದಿಟ್ಟುಕೊಳ್ಳುವ ದಾರಿಗಳನ್ನು ಜನ ಹುಡುಕಿಕೊಂಡಿದ್ದಾರೆ.

ತಾಜಾ ಹಣ್ಣಿನ ಪಾನಕ ಬಹಳ ಸುಲಭ. ಒಬ್ಬರಿಗೆ ನಾಲ್ಕೈದು ಹಣ್ಣು ಸಾಕು. ಹೆಬ್ಬೆರಳಿನಿಂದ ಒತ್ತಿದರೆ ಹಣ್ಣು ನಡುವಿಗೆ ಬಾಯಿ ಬಿಡುತ್ತದೆ. ಒಳಗೆ ಬಿಳಿ ತಿರುಳಿನಲ್ಲಿ ಹುದುಗಿದ ಐದಾರು ಬೀಜಗಳು. ಅವನ್ನು ತಿರುಳಿನ ಸಮೇತ ಒಂದು ಪಾತ್ರೆಗೆ ಹಾಕಿ, ಸಿಪ್ಪೆಯನ್ನೂ ಅದೇ ನೀರಿನಲ್ಲಿ ಕಿವುಚಬೇಕು. ಎರಡು ನಿಮಿಷದಲ್ಲಿ ನೀರು ಮಾಣಿಕ್ಯದ ಬಣ್ಣಕ್ಕೆ ಬರುತ್ತದೆ. ಸೋಸಿ, ಬೆಲ್ಲವನ್ನೋ ಸಕ್ಕರೆಯನ್ನೋ ಕದಡಿ, ಉಪ್ಪಿನ ಹರಳು, ಏಲಕ್ಕಿ, ಒಂದೆರಡು ಮೆಣಸಿನ ಕಾಳಿನ ಪುಡಿ ಹಾಕಿದರೆ ಮುಗಿಯಿತು. ಬೆಲ್ಲ ಬಣ್ಣವನ್ನು ಕಂದಾಗಿಸುತ್ತದೆ, ರುಚಿಯನ್ನು ಆಳವಾಗಿಸುತ್ತದೆ. ಕಣ್ಣಿಗೆ ಚಂದ ಬೇಕೆನ್ನುವವರು ಸಕ್ಕರೆ ಹಾಕುತ್ತಾರೆ. ನಾಲಗೆಯನ್ನು ಕೇಳಿದರೆ ಬೆಲ್ಲವೇ ಸರಿ. ಕಿವುಚಿದ ಬೆರಳಿನ ಕೆಂಪನ್ನು ಸೋಪಿನಿಂದ ತೊಳೆಯಹೊರಟರೆ ಅದು ಕಣ್ಣೆದುರೇ ನೀಲಿಹಸಿರಿಗೆ ತಿರುಗುತ್ತದೆ. ಸಿಪ್ಪೆಯ ಆಂಥೋಸಯನಿನ್ ಎಂಬ ವರ್ಣದ್ರವ್ಯ ಹುಳಿಯಲ್ಲಿ ಕೆಂಪಾಗಿದ್ದು, ಕ್ಷಾರ ತಾಗಿದೊಡನೆ ಬಣ್ಣ ಬದಲಿಸುವುದೇ ಇದಕ್ಕೆ ಕಾರಣ. ಹಿತ್ತಾಳೆ, ತಾಮ್ರದ ಪಾತ್ರೆಗೆ ಈ ಹುಳಿ ಆಗದು. ಗಾಜು, ಪಿಂಗಾಣಿ ಭರಣಿ ಅಥವಾ ಹಳೆಯ ಕಲ್ಲುಮರಿಗೆ ಬೇಕು.

ವರ್ಷವಿಡೀ ಬೇಕೆಂದರೆ ಬಿಸಿಲಿನ ಪಾಕ ಮಾಡಿಡುತ್ತಾರೆ. ಬೀಜ ತೆಗೆದ ಒಂದು ಕಿಲೋ ಸಿಪ್ಪೆಗೆ ಎರಡು ಕಿಲೋ ಸಕ್ಕರೆ. ಗಾಜಿನ ಭರಣಿಯಲ್ಲಿ ಒಂದು ಪದರ ಸಿಪ್ಪೆ, ಒಂದು ಪದರ ಸಕ್ಕರೆ ಹೀಗೆ ತುಂಬಿ, ಬಾಯಿಗೆ ಬಟ್ಟೆ ಕಟ್ಟಿ, ವಾರವೊಂದು ಬಿಸಿಲಿಗಿಟ್ಟರೆ ಸಕ್ಕರೆ ತಾನಾಗಿ ಕರಗಿ ಸಿಪ್ಪೆಯ ಸಾರವನ್ನೆಲ್ಲ ಎಳೆದುಕೊಳ್ಳುತ್ತದೆ. ದಿನಕ್ಕೊಮ್ಮೆ ಒಣಗಿದ ಸೌಟಿನಿಂದ ಕದಡಬೇಕು. ಹಸಿ ಕೈ ತಾಗಿದರೆ ಬೂಸು ಹಿಡಿಯುತ್ತದೆ. ಸೋಸಿಟ್ಟ ಈ ಪಾಕದ ಒಂದು ಪಾಲಿಗೆ ಐದಾರು ಪಾಲು ನೀರು. ಉಳಿದ ಸಿಪ್ಪೆಯನ್ನು ಒಣಗಿಸಿದರೆ ಮಕ್ಕಳು ಮಿಠಾಯಿಯಂತೆ ತಿನ್ನುತ್ತಾರೆ. ಸಕ್ಕರೆ ಹಾಕದೆ ಒಣಗಿಸಿಟ್ಟ ಸಿಪ್ಪೆಯನ್ನು ನೆನೆಸಿ, ಉಪ್ಪು ಮತ್ತು ಜೀರಿಗೆ ಮೆಣಸು ನುರಿದು, ಒಗ್ಗರಣೆ ಕೊಟ್ಟರೆ ಊಟಕ್ಕೂ ಕುಡಿಯುವುದಕ್ಕೂ ಆಗುವ ತೆಳು ಸಾರು. ಗೋವಾ, ಕೊಂಕಣದವರು ಇದಕ್ಕೆ ತೆಂಗಿನ ಹಾಲು ಸೇರಿಸಿ ಸೋಲ್‌ಕಡಿ ಮಾಡುತ್ತಾರೆ. ಬೀಜವೂ ದಂಡವಾಗುವುದಿಲ್ಲ. ಅದನ್ನು ಕುದಿಸಿ ತೆಗೆಯುವ ಗಟ್ಟಿ ಕೊಬ್ಬು, ಮುರುಗಲ ತುಪ್ಪ, ಒಡೆದ ಹಿಮ್ಮಡಿಗೆ ಈ ಭಾಗದವರು ನಂಬಿದ ಮದ್ದು.

ಹಣ್ಣಾದರೂ ಕೆಂಪಾಗದೆ ತಿಳಿಹಳದಿಯಾಗಿಯೇ ಉಳಿಯುವ ಬಿಳಿ ಮುರುಗಲು ಎಂಬ ವಿರಳ ಬಗೆಯೊಂದಿದೆ. ಪಿತ್ತಕ್ಕೆ ಇದೇ ಮೇಲು ಎಂದು ಹಳಬರು ಇದರ ಒಣಸಿಪ್ಪೆಯನ್ನು ಪ್ರತ್ಯೇಕವಾಗಿ ಕಟ್ಟಿಡುತ್ತಾರೆ. ಇದೇ ಕುಲದ ಉಪ್ಪಾಗೆ ಮಳೆಗಾಲದ ಹಣ್ಣಾದ್ದರಿಂದ ಬೇಸಿಗೆಯ ಲೋಟಕ್ಕೆ ಬರುವುದು ಕಡಿಮೆ.

ಅಪ್ಪೆ ಮತ್ತು ಅಪ್ಪೆಹುಳಿ

ಉಪ್ಪಿನಕಾಯಿಯಿಂದ ಹೊರನಾಡಿನಲ್ಲಿ ಹೆಸರಾದ ಅಪ್ಪೆಮಿಡಿ ಒಳನಾಡಿನಲ್ಲಿ ಅಷ್ಟೇ ಮಟ್ಟಿಗೆ ಕುಡಿಯುವ ವಸ್ತು. ಶರಾವತಿ, ವರದಾ, ಕುಮುದ್ವತಿ, ಅಘನಾಶಿನಿ ಹೊಳೆಗಳ ದಂಡೆಯಲ್ಲಿ ತಾವಾಗಿ ಬೆಳೆದ ಕಾಡುಮಾವಿನ ಮರಗಳು ಇವು. ಒಂದೊಂದು ಮರಕ್ಕೂ ಒಂದೊಂದು ಪರಿಮಳ. ಜೀರಿಗೆ ವಾಸನೆಯದು ಒಂದಾದರೆ ಕರ್ಪೂರದ್ದು ಇನ್ನೊಂದು. ಪರಿಮಳವಿರುವುದು ಸೊನೆಯಲ್ಲಿ. ಆದ್ದರಿಂದ ಕೊಯ್ಯುವವರು ತೊಟ್ಟು ಮುರಿಯದಂತೆ ಗೊಂಚಲನ್ನು ಬಿಡಿಸಿ, ಬುಟ್ಟಿಯಲ್ಲಿ ಹಗ್ಗದಿಂದ ಇಳಿಸುತ್ತಾರೆ. ನೆಲಕ್ಕೆ ಬಿದ್ದ ಮಿಡಿ ಭರಣಿಯಲ್ಲಿ ಬಾಳುವುದಿಲ್ಲ. ಹೊಸನಗರ ತಾಲ್ಲೂಕಿನ ರಿಪ್ಪನ್‌ಪೇಟೆ ಮಿಡಿ ವ್ಯಾಪಾರಕ್ಕೆ ಹೆಸರಾದ ಊರು. ಅಪ್ಪೆಮಿಡಿಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿದೆ.

ಅಪ್ಪೆಹುಳಿ ಮಾಡಲು ಬಲಿತ ಹುಳಿಮಾವಿನಕಾಯಿ ಎರಡು ಸಾಕು. ಸಿಪ್ಪೆ ಸಮೇತ ಬೇಯಿಸಿ, ಆರಿದ ಮೇಲೆ ಕಿವುಚಿ, ಗೊರಟು ತೆಗೆದು, ಒಂದು ಲೀಟರಿನಷ್ಟು ನೀರು ಬೆರೆಸಬೇಕು. ಉಪ್ಪು, ಒಂದು ಚಿಕ್ಕ ಚೂರು ಬೆಲ್ಲ, ನುರಿದ ಸೂಜಿಮೆಣಸು. ಮೇಲೆ ಕೊಬ್ಬರಿ ಎಣ್ಣೆಯಲ್ಲಿ ಸಾಸಿವೆ, ಒಣಮೆಣಸು, ಧಾರಾಳ ಇಂಗು ಸಿಡಿಸಿದ ಒಗ್ಗರಣೆ. ಇಂಗಿನಲ್ಲಿ ಜಿಪುಣತನ ಮಾಡಿದರೆ ಅದು ಮಾವಿನಕಾಯಿ ನೀರಾಗುತ್ತದೆ, ಅಪ್ಪೆಹುಳಿಯಾಗುವುದಿಲ್ಲ. ಮಿಡಿಯಿಂದ ಮಾಡುವವರು ಬೇಯಿಸುವುದಿಲ್ಲ. ಜಜ್ಜಿ, ನೀರಿಗೆ ಹಿಂಡಿ, ಸೊನೆಯ ಘಮವನ್ನು ಹಾಗೇ ಉಳಿಸಿಕೊಳ್ಳುತ್ತಾರೆ. ಅದರ ರುಚಿಗೆ ಬೇಯಿಸಿದ್ದು ಸಮನಲ್ಲ. ಹಸಿ ಮಿಡಿ ಇಲ್ಲದ ಕಾಲಕ್ಕೆ ಉಪ್ಪುನೀರಿನಲ್ಲಿ ಹಾಕಿಟ್ಟ ಮಿಡಿ ಇದ್ದೇ ಇದೆ.

ಅನ್ನಕ್ಕೆ ಕಲಸಿಕೊಳ್ಳುವುದಕ್ಕಿಂತ ಊಟದ ನಡುವೆ, ಊಟದ ಕೊನೆಗೆ ಲೋಟದಲ್ಲಿ ಬಡಿಸಿಕೊಂಡು ಕುಡಿಯುವುದೇ ಹೆಚ್ಚು. ಹವ್ಯಕರ ಬೇಸಿಗೆಯ ಮದುವೆ, ಉಪನಯನಗಳಲ್ಲಿ ಅಪ್ಪೆಹುಳಿಯ ಕೌಳಿಗೆ ಪಂಕ್ತಿಯ ಕೊನೆ ಮುಟ್ಟುವಷ್ಟರಲ್ಲಿ ಮೊದಲಿನವರು ಎರಡನೆಯ ಸಲ ಕೇಳಿರುತ್ತಾರೆ. ಕುಡಿದರೆ ನಿದ್ದೆ ಬರುತ್ತದೆ ಎಂಬ ಮಾತು ಮೂರೂ ತಾಲ್ಲೂಕಿನಲ್ಲಿ ಪ್ರಸಿದ್ಧ. ತುಂಬು ಊಟ, ಮಧ್ಯಾಹ್ನದ ಸೆಕೆ, ತಣ್ಣನೆಯ ಹುಳಿ ಮೂರೂ ಕೂಡಿದರೆ ಜಗಲಿಯ ಚಾಪೆ ಕರೆಯದೆ ಇರುವುದಿಲ್ಲ.

ಕಬ್ಬಿನ ಹಾಲು, ಜೋನಿ ಬೆಲ್ಲ

ಜನವರಿಯಿಂದ ಮಾರ್ಚ್‌ವರೆಗೆ ಆಲೆಮನೆಯ ಕಾಲ. ಹಿಂದೆ ಕೋಣ ಕಟ್ಟಿ ತಿರುಗಿಸುತ್ತಿದ್ದ ಗಾಣಕ್ಕೆ ಈಗ ಯಂತ್ರ ಬಂದಿದೆ. ಆದರೂ ನೆರೆಹೊರೆಯವರನ್ನು, ನೆಂಟರನ್ನು ಹಾಲು ಕುಡಿಯಲು ಕರೆಯುವ ಪದ್ಧತಿ ಹಲವು ಊರುಗಳಲ್ಲಿ ಉಳಿದಿದೆ. ಕಬ್ಬಿನ ಜೊತೆಗೇ ಶುಂಠಿ, ನಿಂಬೆಯನ್ನು ಗಾಣಕ್ಕೆ ಕೊಟ್ಟರೆ ರಸ ಅಲ್ಲೇ ಬೆರೆತು ಬರುತ್ತದೆ. ನಿಂಬೆ ರುಚಿಗಷ್ಟೇ ಅಲ್ಲ, ಗಾಳಿ ತಾಗಿ ರಸ ಕಪ್ಪಾಗುವುದನ್ನೂ ತಡೆಯುತ್ತದೆ. ಹಿಂಡಿದ ಗಂಟೆಯೊಳಗೆ ಕುಡಿಯಬೇಕು. ಸಂಜೆಯವರೆಗೆ ಇಟ್ಟರೆ ಹುಳಿಯತೊಡಗುತ್ತದೆ.

ಈ ರಸವನ್ನು ಕೊಪ್ಪರಿಗೆಯಲ್ಲಿ ಕಾಸಿ, ಅಚ್ಚು ಕಟ್ಟುವ ಹದಕ್ಕೆ ಮೊದಲೇ ಇಳಿಸಿದರೆ ಜೋನಿ ಬೆಲ್ಲ. ಡಬ್ಬಿಯಲ್ಲಿ ತುಂಬಿಟ್ಟ ಈ ದ್ರವ ಬೆಲ್ಲವೇ ಸಾಗರ ಸೀಮೆಯ ಪಾನಕಗಳ ಬೆನ್ನೆಲುಬು. ಕರಗಿಸುವ ಕೆಲಸವಿಲ್ಲ, ಒಂದು ಸೌಟು ಸುರಿದು ಕದಡಿದರಾಯಿತು. ರಾಮನವಮಿಯ ಪಾನಕ ಬೆಲ್ಲ, ನಿಂಬೆ, ಶುಂಠಿ, ಏಲಕ್ಕಿ, ಮೆಣಸಿನದು. ಒಂದು ಲೀಟರಿಗೆ ನೂರೈವತ್ತು ಗ್ರಾಂ ಬೆಲ್ಲ, ಎರಡು ನಿಂಬೆ ಸರಿಯಾದ ಹದ. ಹುಳಿಗೆ ನಿಂಬೆಯ ಬದಲು ಮುರುಗಲು ಹಾಕಿದರೆ ತಪ್ಪೇನೂ ಇಲ್ಲ.

ಮಜ್ಜಿಗೆ, ತಂಬುಳಿ, ತಂಪು

ಕಡೆದು ಬೆಣ್ಣೆ ತೆಗೆದ ಮಜ್ಜಿಗೆಗೆ ಮೂರು ಪಾಲು ನೀರು, ಶುಂಠಿ, ಕರಿಬೇವು, ಉಪ್ಪು, ಗಜನಿಂಬೆಯ ಎಲೆಯ ಘಮ. ಇದು ಎಲ್ಲ ಕಡೆಯದೇ. ಮಲೆನಾಡಿನ ಸ್ವಂತದ್ದು ತಂಬುಳಿ. ಒಂದೆಲಗ, ದೊಡ್ಡಪತ್ರೆ, ಚಕ್ರಮುನಿ, ಕೇಪಳದ ಕುಡಿ, ಬಿಲ್ವದ ಕುಡಿ, ಮಾವಿನ ಚಿಗುರು, ದಾಳಿಂಬೆ ಸಿಪ್ಪೆ: ಹಿತ್ತಿಲಲ್ಲಿ ಬಗ್ಗಿದರೆ ಸಿಗುವ ಯಾವುದೂ ಆಗುತ್ತದೆ. ತುಪ್ಪದಲ್ಲಿ ಜೀರಿಗೆ, ಮೆಣಸಿನ ಜೊತೆ ಬಾಡಿಸಿ, ತೆಂಗಿನತುರಿಯೊಡನೆ ರುಬ್ಬಿ, ಮಜ್ಜಿಗೆಗೆ ಬೆರೆಸಬೇಕು. ಒಂದೆಲಗವನ್ನು ಹಸಿಯಾಗಿಯೇ ರುಬ್ಬುವವರೂ ಇದ್ದಾರೆ. ಬೇಸಿಗೆಯಲ್ಲಿ ತೆಳ್ಳಗೆ ಮಾಡಿ ಲೋಟದಲ್ಲಿ ಕುಡಿದರೆ ಬಾಯಾರಿಕೆಯೂ ಹಸಿವೂ ಒಟ್ಟಿಗೆ ಶಮನವಾಗುತ್ತವೆ.

ಕಾಳಿನ ಪಾನೀಯಗಳು ಹುಳಿಯ ಬಳಗಕ್ಕೆ ಸೇರಿದವಲ್ಲ. ಹುರಿದ ಎಳ್ಳನ್ನು ನೀರು ತಾಗಿಸಿ ನುಣ್ಣಗೆ ರುಬ್ಬಿ, ಬೆಲ್ಲ, ಏಲಕ್ಕಿ, ಹಾಲು ಸೇರಿಸಿದರೆ ಎಳ್ಳು ಪಾನಕ. ಹುರಿದ ಹೆಸರುಕಾಳಿನದೂ, ನೆನೆಸಿ ರುಬ್ಬಿ ಸೋಸಿದ ರಾಗಿಯದೂ ಹೀಗೆಯೇ. ಗದ್ದೆ ಕೆಲಸದಿಂದ ಬಂದವರಿಗೆ ಇವು ಅರ್ಧ ಊಟ. ಬೇರುಗಳಲ್ಲಿ ಸೊಗದೆ ಮತ್ತು ಲಾವಂಚ, ಹೂವಿನಲ್ಲಿ ಕೆಂಪು ದಾಸವಾಳ ಶರಬತ್ತಿಗೆ ಒದಗುತ್ತವೆ. ಲಾವಂಚದ ಬೇರನ್ನು ಮಣ್ಣಿನ ಹೂಜಿಯ ನೀರಿಗೆ ಹಾಕಿಟ್ಟರೂ ಸಾಕು.

ಗೇರುಹಣ್ಣಿನ ರಸ ಇನ್ನಷ್ಟು ಜನಕ್ಕೆ ತಿಳಿಯಬೇಕಾದದ್ದು. ಗಂಟಲು ಹಿಡಿಯುವ ಅದರ ಒಗರಿಗೆ ಹೆದರಿ ಬೀಜ ತಿರುಚಿಕೊಂಡು ಹಣ್ಣನ್ನು ಮರದಡಿಯಲ್ಲೇ ಎಸೆಯುವುದು ರೂಢಿ. ಹಿಂಡಿದ ರಸಕ್ಕೆ ಒಂದಿಷ್ಟು ಅನ್ನದ ಗಂಜಿತಿಳಿ ಬೆರೆಸಿ ಬಿಟ್ಟರೆ ಒಗರಿನ ಟ್ಯಾನಿನ್ ಅದಕ್ಕೆ ಅಂಟಿಕೊಂಡು ತಳ ಸೇರುತ್ತದೆ. ಮೇಲಿನ ತಿಳಿರಸಕ್ಕೆ ನಿಂಬೆ, ಉಪ್ಪು, ಬೆಲ್ಲ ಹಾಕಿ ಕುಡಿಯಬಹುದು.

ಕಳ್ಳು ಮತ್ತು ಮದ್ಯದ ಮಿಶ್ರಣ

ಮಲೆನಾಡಿನ ಕಳ್ಳು ಹೆಚ್ಚಾಗಿ ಬಗನಿ ಮರದ್ದು. ಬೈನೆ ಎಂದೂ ಕರೆಯುವ ಈ ತಾಳೆಜಾತಿಯ ಮರದ ಹೂಗೊನೆಯನ್ನು ಕೊಯ್ದು ಸೋರುವ ರಸವನ್ನು ಮಡಕೆಗೆ ಹಿಡಿಯುತ್ತಾರೆ. ನಸುಕಿನಲ್ಲಿ ಇಳಿಸಿದ್ದು ಸಿಹಿ. ಬಿಸಿಲೇರುತ್ತ ಗಾಳಿಯ ಯೀಸ್ಟ್ ಕೂಡಿ ನೊರೆಯೆದ್ದು ಹೆಂಡವಾಗುತ್ತದೆ. ಹಳೆಪೈಕರು ಅಥವಾ ದೀವರು ಎಂಬ ಸಮುದಾಯದ ಹಿಂದಿನ ಕಸುಬುಗಳಲ್ಲಿ ಇದೂ ಒಂದು. ತೀರ್ಥಹಳ್ಳಿಯ ನೆಲದಲ್ಲಿ ನಡೆಯುವ ಕುವೆಂಪು ಅವರ 'ಕಾನೂರು ಹೆಗ್ಗಡಿತಿ' (1936) ಕಾದಂಬರಿಯಲ್ಲಿ ಹಳೆಪೈಕದ ತಿಮ್ಮನೂ ಬಗನಿ ಕಳ್ಳೂ ಕಥೆಯೊಳಗೇ ಬೆರೆತಿವೆ. ಆ ಕಾದಂಬರಿ ತೋರಿಸುವಂತೆ ಕುಡಿತ ಬಡವರ ಮನೆಗಳನ್ನು ಹಾಳುಮಾಡಿದ್ದೂ ಈ ಸೀಮೆಯ ಸತ್ಯವೇ. ಅದನ್ನು ಬಿಟ್ಟು ಕಳ್ಳಿನ ರುಚಿಯನ್ನಷ್ಟೇ ಹೊಗಳುವುದು ಸರಿಯಲ್ಲ. ಕರ್ನಾಟಕ ಅಬಕಾರಿ ಕಾಯ್ದೆ (1965)ಯ ಪ್ರಕಾರ ಪರವಾನಗಿ ಇಲ್ಲದೆ ಕಳ್ಳು ಇಳಿಸುವುದೂ ಮನೆಯಲ್ಲಿ ಸಾರಾಯಿ ಬಟ್ಟಿಯಿಳಿಸುವುದೂ ಅಪರಾಧ; ರಾಜ್ಯದಲ್ಲಿ ಸಾರಾಯಿ ಮಾರಾಟ 2007ರ ಜುಲೈ 1ರಿಂದ ನಿಂತಿದೆ.

ಈಚೆಗೆ ನಗರಗಳಲ್ಲಿ ನೆಲೆಸಿದ ಮಲೆನಾಡಿಗರು, ಹೋಟೆಲುಗಳವರು ಊರಿನ ಹುಳಿಗಳನ್ನು ಅಂಗಡಿಯ ಮದ್ಯದೊಂದಿಗೆ ಬೆರೆಸತೊಡಗಿದ್ದಾರೆ. ಮುರುಗಲಿಗೆ ಜಿನ್ ಹೊಂದುತ್ತದೆ: ಬಿಸಿಲುಪಾಕ 30 ಮಿ.ಲೀ., ಜಿನ್ 45 ಮಿ.ಲೀ., ಉಪ್ಪಿನ ಹರಳು, ಉಳಿದದ್ದು ಸೋಡಾ. ಒಗ್ಗರಣೆಯಿಲ್ಲದ, ಜೀರಿಗೆ ಮೆಣಸು ನುರಿದ ಅಪ್ಪೆನೀರಿಗೆ ವೋಡ್ಕಾ ಕೂಡುತ್ತದೆ. ಜೋನಿ ಬೆಲ್ಲ, ನಿಂಬೆ, ಶುಂಠಿಯ ಪಾನಕಕ್ಕೆ ರಮ್, ಎರಡೂ ಕಬ್ಬಿನ ಮಕ್ಕಳಾದ್ದರಿಂದ. ಇವು ಬಿಸಿಲು ಇಳಿದ ಮೇಲಿನ ಸಂಗತಿಗಳು. ಮದ್ಯ ಮೈಯ ನೀರನ್ನು ಹೊರಹಾಕುವುದರಿಂದ ಸೆಕೆಯ ಮಧ್ಯಾಹ್ನಕ್ಕೆ ಸಲ್ಲವು. ಮದ್ಯ ಬಿಟ್ಟು ಸೋಡಾ ಮಾತ್ರ ಹಾಕಿದರೂ ಈ ಮೂರರಲ್ಲಿ ಯಾವುದೂ ಸೊರಗುವುದಿಲ್ಲ, ಈ ಲೇಖಕನ ಆಯ್ಕೆಯೂ ಅದೇ.

ಮರಗಳ ಸ್ಥಿತಿ

1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಶರಾವತಿ ಕಣಿವೆಯ ಊರುಗಳ ಜೊತೆ ಹೊಳೆದಂಡೆಯ ಅಪ್ಪೆಮರಗಳೂ ಮುಳುಗಿದವು. ಜನ ಬೇರೆ ಕಡೆ ಮನೆ ಕಟ್ಟಿಕೊಂಡರು. ಮರಗಳನ್ನು ಹೊತ್ತೊಯ್ಯಲು ಆಗಲಿಲ್ಲ. ಅಪ್ಪೆಯ ಗುಣ ಗೊರಟಿನಿಂದ ಹುಟ್ಟಿದ ಗಿಡಕ್ಕೆ ಹಾಗೆಯೇ ಇಳಿಯುವುದಿಲ್ಲವಾದ್ದರಿಂದ ಒಂದು ಮರ ಹೋದರೆ ಒಂದು ಪರಿಮಳ ಹೋದಂತೆ. ಉಳಿದ ಮರಗಳಲ್ಲೂ ಮಿಡಿಗೆ ಬೆಲೆ ಬಂದ ಮೇಲೆ ಕೊಂಬೆಯನ್ನೇ ಕಡಿದು ಕೊಯ್ಯುವ ಕೆಟ್ಟ ಚಾಳಿ ಹಬ್ಬಿದೆ. ಇದು ಮುಂದಿನ ವರ್ಷದ ಫಸಲನ್ನು ಇಂದೇ ಕೊಂದಂತೆ. ಗ್ರಾಮ ಅರಣ್ಯ ಸಮಿತಿಗಳು ಇದನ್ನು ತಡೆಯಲೇಬೇಕು. ಮುರುಗಲು ಆಯುವವರಿಗೆ ಇನ್ನೊಂದು ಭಯವಿದೆ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಗುರುತಾದ ಮಂಗನ ಕಾಯಿಲೆ ಉಣ್ಣೆಗಳಿಂದ ಹರಡುವುದು ಇದೇ ಬೇಸಿಗೆಯಲ್ಲಿ. 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಭಾಗ ಅದರಿಂದ ತತ್ತರಿಸಿತು. ಕಾಡಿಗೆ ಹೋಗದೆ ತೋಟದ ಅಂಚಿನಲ್ಲೇ ಈ ಮರಗಳನ್ನು ಬೆಳೆಸುವುದಕ್ಕೆ ಇದೂ ಒಂದು ಕಾರಣ.

ಅಪ್ಪೆಯನ್ನು ಕಸಿಕಟ್ಟಿ ಉಳಿಸುವ ಕೆಲಸವನ್ನು ಸಾಗರ, ಹೊಸನಗರದ ಕೃಷಿಕರು ತಾವಾಗಿ ಶುರುಮಾಡಿದರು. ಮುರುಗಲಿನಲ್ಲಿ ಗಂಡು, ಹೆಣ್ಣು ಮರಗಳು ಬೇರೆಬೇರೆ. ಬೀಜ ಬಿತ್ತಿ ಬೆಳೆಸಿದರೆ ಹೂ ಬರುವವರೆಗೆ, ಅಂದರೆ ಏಳೆಂಟು ವರ್ಷ, ಯಾವುದು ಯಾವುದೆಂದು ತಿಳಿಯುವುದಿಲ್ಲ. ಸುಮಾರು ಅರ್ಧದಷ್ಟು ಗಿಡಗಳು ಗಂಡಾಗಿ ಬರುತ್ತವೆ. ಹಣ್ಣು ಬಿಡುವ ಮರದ ಕುಡಿಯನ್ನು ಕಸಿ ಮಾಡಿದ ಗಿಡ ಅದಕ್ಕಿಂತ ಬೇಗ ಫಲ ಕೊಡುತ್ತದೆ. ಹಿತ್ತಿಲಲ್ಲಿ ನೆಡುವವರು ಅಂಥ ಕಸಿ ಗಿಡಗಳ ಜೊತೆ ಪರಾಗಕ್ಕಾಗಿ ಒಂದು ಗಂಡು ಗಿಡವನ್ನೂ ಸೇರಿಸಿ, ಜೂನ್ ಮಳೆ ಹದವಾದೊಡನೆ ನೆಡುತ್ತಾರೆ.